‘ಅಜ್ಜಿ ನನ್ನನ್ನು ಬೆಳೆದರು’ ಯಾಕೆ ತಪ್ಪು? ಮಗಳಿಗೆ ಹೇಗೆ ಹೇಳಿಕೊಡಲಿ?

ಬೇ ಏರಿಯಾ ಅಮ್ಮ: ಎಲ್ಲರಿಗೂ ನಮಸ್ಕಾರ. ಒಂಬತ್ತು ವರ್ಷದ ಮಗಳು ಭಾನುವಾರದ ಕನ್ನಡ ತರಗತಿಗೆ ‘ಬೆಳವಣಿಗೆ’ ಬಗ್ಗೆ ಒಂದು ಪುಟ ಬರೀಬೇಕು. “ಅಜ್ಜಿ ನನ್ನನ್ನು ಬೆಳೆದರು”, “ಗಿಡ ವಿಕಾಸ ಆಯಿತು” ಅಂತ ಬರೆದಿದ್ದಾಳೆ. ತಪ್ಪು ಅಂತ ಗೊತ್ತು, ಯಾಕೆ ಅಂತ ಹೇಳೋಕೆ ಬರ್ತಿಲ್ಲ. ಓದುವಾಗಲೂ ‘ಬೆಳೆ’ ಹೋಗಿ ‘ಬೆಲೆ’ ಆಗುತ್ತೆ. ಭಾಷೆ ಕೈಬಿಟ್ಟು ಹೋಗ್ತಿದೆಯೇನೋ ಅಂತ ಭಯ. ಪದದ ಮೂಲ ತಿಳಿದವರು ಹೇಳ್ತೀರಾ?

ಮಲೆನಾಡ ಮಳೆ, ಮೆಲ್ಬರ್ನ್: ಭಯ ಬೇಡ ಮೇಡಂ, ಅದು ಯೋಚಿಸಿ ಮಾಡಿದ ತಪ್ಪು. ‘ಗಿಡ ಬೆಳೆಯಿತು’, ‘ಉಗುರು ಬೆಳೆಯಿತು’ ಅಂದಾಗ ಅದು ತಾನಾಗಿ ಆಗುವುದು, ಕರ್ಮಪದ ಇಲ್ಲ. ‘ರೈತ ರಾಗಿ ಬೆಳೆದ’ ಅಂದಾಗ ರಾಗಿ ಕರ್ಮ, ಆದರೂ ‘ಬೆಳೆಸು’ ಅನ್ನೋದರಲ್ಲಿರುವ ‘ಸು’ ಬೇಕಿಲ್ಲ. ಪೈರಿಗೆ ಈ ಸವಲತ್ತು ಉಂಟು. ಮಗು, ಕೂದಲು, ಸ್ನೇಹ, ಅಭ್ಯಾಸ ಬಂದರೆ ‘ಬೆಳೆಸು’ ಆಗಲೇಬೇಕು. ನಿಮ್ಮ ಮಗಳು ರಾಗಿಯ ವಾಕ್ಯಕ್ಕೆ ಅಜ್ಜಿಯನ್ನು ಕೂರಿಸಿದ್ದಾಳೆ, ಅಷ್ಟೇ. ‘ರೈತ ರಾಗಿ ಬೆಳೆದ’, ‘ಅಜ್ಜಿ ಮಗುವನ್ನು ಬೆಳೆಸಿದರು’ ಎರಡನ್ನೂ ಪಕ್ಕಪಕ್ಕ ಬರೆಸಿ. ಆಮೇಲೆ ಭತ್ತ, ತಮ್ಮ, ಗಡ್ಡ, ಕಬ್ಬು ಕೊಟ್ಟು ಯಾವುದು ಯಾವ ಸಾಲಿಗೆ ಅಂತ ಕೇಳಿ. ನಾಯಿಮರಿ ಕೊಟ್ಟರೆ ‘ಸಾಕು’ ಅನ್ನೋ ಕ್ರಿಯಾಪದವೂ ಬರುತ್ತೆ.

ಪದ ಕಟ್ಟುವ ರೀತಿ: ಬರೆ–ಬರವಣಿಗೆ, ಮೆರೆ–ಮೆರವಣಿಗೆ, ಬೆಳೆ–ಬೆಳವಣಿಗೆ. ಕೊನೆಯ ಎಕಾರ ಅಕಾರವಾಗಿ ‘ವಣಿಗೆ’ ಸೇರುತ್ತೆ. ಅದು ತಪ್ಪಿದರೆ ಮಕ್ಕಳು ‘ಬೆಳೆವಣಿಗೆ’ ಅಂತ ಬರೀತಾರೆ.

ಕೋಲಾರದವರು, ಸಿಂಗಪುರ: ತಮಿಳಿನ ‘ವಿಳೈ’, ನಮ್ಮ ‘ಬೆಳೆ’ ಒಂದೇ ಬೇರಿನವು. ಅಲ್ಲಿ ಪದದ ಮೊದಲಿಗಿರುವ ವಕಾರ ಇಲ್ಲಿ ಬಕಾರ: ವೇರ್–ಬೇರು, ವಿಲ್–ಬಿಲ್ಲು, ವಾಯ್–ಬಾಯಿ. ಇಕಾರ ಎಕಾರವಾದದ್ದಕ್ಕೆ ಇಲೈ–ಎಲೆ ನೋಡಿ. ತಮಿಳರು ಭತ್ತಕ್ಕೆ ‘ವಿಳೈ’, ಮಗುವಿಗೆ ‘ವಳರ್’ ಅಂತಾರೆ. ಕನ್ನಡದಲ್ಲಿ ಎರಡಕ್ಕೂ ‘ಬೆಳೆ’ಯೇ.

ಮೈಸೂರು ಮಲ್ಲಿಗೆ, ದುಬೈ: ‘ವಿಕಾಸ’ ಸಂಸ್ಕೃತದ್ದು. ‘ಕಸ್’ ಧಾತುವಿಗೆ ‘ವಿ’ ಸೇರಿ ಅರಳು, ತೆರೆದುಕೊಳ್ಳು ಅಂತ ಅರ್ಥ. ಮೊಗ್ಗು ಬಿರಿದರೆ ವಿಕಸಿತ. ಹಾಗಾಗಿ ಜೀವವಿಕಾಸ, ವ್ಯಕ್ತಿತ್ವ ವಿಕಸನ. ಸಸಿ ಎರಡು ಅಂಗುಲದಿಂದ ನಾಲ್ಕು ಅಂಗುಲ ಆದರೆ ಬೆಳವಣಿಗೆ. ಹಿಂದಿಯವರ ‘ವಿಕಾಸ’ಕ್ಕೆ ನಾವು ಅಭಿವೃದ್ಧಿ ಅಂತೀವಿ, ಮಕ್ಕಳಿಗೆ ಗೊಂದಲ ಆಗೋದು ಇಲ್ಲೇ.

ಕನ್ನಡವೇ ಸತ್ಯ, ಲಂಡನ್: ವಿಕಾಸ, ವೃದ್ಧಿ, ಅಭಿವೃದ್ಧಿ ಇವೆಲ್ಲ ಮಕ್ಕಳಿಗೆ ಯಾಕೆ? ಏಳಿಗೆ ಇಲ್ಲವೇ? ಹೆಚ್ಚಳ ಇಲ್ಲವೇ? ಸಂಸ್ಕೃತ ಹೇರಿ ಹೇರಿ ಕನ್ನಡ ಕಷ್ಟ ಅನ್ನಿಸುವಂತೆ ಮಾಡಿದವರು ನಾವೇ. ಮೊದಲು ತರಗತಿಯ ಪುಸ್ತಕ ಬದಲಾಯಿಸಿ.

ಮೈಸೂರು ಮಲ್ಲಿಗೆ, ದುಬೈ: ಅಣ್ಣಾ, ಮನೆತನ ಏಳಿಗೆ ಆಗುತ್ತೆ, ಊರು ಏಳಿಗೆ ಆಗುತ್ತೆ. ಸಸಿ ಏಳಿಗೆ ಆಯಿತು ಅಂತ ಯಾರು ಅಂತಾರೆ? ‘ಏಳು’ ಕ್ರಿಯೆಯಿಂದ ಬಂದ ಪದ ಅದು. ಮಗು ಹುಟ್ಟಿದ ಮನೆಯ ಸೂತಕಕ್ಕೆ ‘ವೃದ್ಧಿ’ ಅಂತ ಹಳ್ಳಿಯಲ್ಲೂ ಹೇಳ್ತಾರೆ. ಅದನ್ನು ಯಾರೂ ಹೇರಿಲ್ಲ.

ಕನ್ನಡವೇ ಸತ್ಯ, ಲಂಡನ್: ರೂಢಿ ಆಗಿದೆ ಅಂದಮಾತ್ರಕ್ಕೆ ಸರಿ ಆಗಲ್ಲ. ಈ ಸಡಿಲಿಕೆಯಿಂದಲೇ ಮಕ್ಕಳ ಬಾಯಲ್ಲಿ ಕನ್ನಡ ಉಳಿದಿಲ್ಲ.

ಧಾರವಾಡ ಪೇಡೆ, ಟೊರೊಂಟೊ: ಪದದ ಜಗಳ ಬಿಡ್ರಿ. ಮನ್ಯಾಗ ಕನ್ನಡ ಮಾತಾಡ್ರಿ, ಉಳದದ್ದೆಲ್ಲಾ ತಾನs ಬರ್ತದ. ನಮ್ಮ ಮಕ್ಕಳಿಗೆ ತಿಳೀತದ, ಮಾತಾಡಾಕ ಬರಂಗಿಲ್ಲ. ಆ ತಪ್ಪು ನಮ್ದs.

ಕನ್ನಡವೇ ಸತ್ಯ, ಲಂಡನ್: ಅದೇ ನಾನೂ ಹೇಳ್ತಿರೋದು! ಬೇರು ಬಿಟ್ಟದ್ದಕ್ಕೇ ಹೀಗಾಯ್ತು.

ಕುಂದಾಪುರದವರು, ಮ್ಯೂನಿಕ್: ಅಕ್ಕ ಕೇಳಿದ ‘ಳ’ ಉಳಿದೇಹೋಯ್ತು. ನಾಲಿಗೆಯ ತುದಿ ಮೇಲ್ಹಲ್ಲಿನ ಹಿಂದೆ ತಾಗಿದರೆ ‘ಲ’. ತುದಿಯನ್ನು ಹಿಂದಕ್ಕೆ ಮಡಚಿ ಬಾಯಿಯ ಮೇಲ್ಛಾವಣಿಗೆ ತಾಗಿಸಿದರೆ ‘ಳ’. ಮೊದಲು ‘ಅಟ್ಟ’ ಅನ್ನಿಸಿ, ನಾಲಿಗೆ ಅಲ್ಲೇ ಇರುವಾಗ ‘ಅಳ’ ಅನ್ನಿಸಿ. ಇಂಗ್ಲಿಷ್ ರೂಢಿಯಾದ ಮಕ್ಕಳು ‘ಟ’ವನ್ನೂ ಹಲ್ಲಿನ ಹಿಂದೆಯೇ ಹೇಳ್ತಾರೆ, ಆಗ ‘ಳ’ ಬರೋದಿಲ್ಲ. ಕನ್ನಡಿ ಮುಂದೆ ಕೂರಿಸಿ ನಾಲಿಗೆಯ ಅಡಿಭಾಗ ಕಾಣ್ತಿದೆಯಾ ನೋಡಿ. ದಿನಕ್ಕೆ ಐದು ನಿಮಿಷ ಸಾಕು: ಹುಲಿ–ಹುಳಿ, ಕಲೆ–ಕಳೆ, ಬಲೆ–ಬಳೆ, ಬೆಲೆ–ಬೆಳೆ. ‘ಬೇಳೆ’ ಈಗಲೇ ಬೇಡ, ಹ್ರಸ್ವ ದೀರ್ಘ ಕಲಸಿಹೋಗುತ್ತೆ. ‘ಬೆಳವಣಿಗೆ’ ಕೊನೆಗಿರಲಿ. ಅದರಲ್ಲಿ ‘ಳ’, ‘ಣ’ ಎರಡಕ್ಕೂ ನಾಲಿಗೆ ಮಡಚಬೇಕು, ನಡುವಿನ ‘ವ’ಕ್ಕೆ ತುಟಿ ಬೇಕು. ‘ಬೆಳ’ ಒಮ್ಮೆ, ‘ವಣಿಗೆ’ ಒಮ್ಮೆ ಹೇಳಿಸಿ, ಆಮೇಲೆ ಕೂಡಿಸಿ.