5 ದಿನ ಟೆಂಟ್ ವಾಸ: ಚಾರಣ, ಕ್ಲೈಂಬಿಂಗ್, ಸುತ್ತಾಟ ಮೂರೂ ಆಗುತ್ತಾ?

ಸೋಮಾರಿ ಚಾರಣಿಗ:

ನಾವು ನಾಲ್ಕು ಜನ. ಎಲ್ಲರಿಗೂ ಒಟ್ಟಿಗೆ ಐದು ದಿನ ರಜೆ ಸಿಕ್ಕಿರುವುದೇ ದೊಡ್ಡ ಪವಾಡ. ಟೆಂಟ್ ಹಾಕಿಕೊಂಡಿದ್ದು ಎರಡು ದಿನ ಬೆಟ್ಟ ಹತ್ತೋದು, ಒಂದು ದಿನ ಬಂಡೆ ಕ್ಲೈಂಬಿಂಗ್, ಉಳಿದ ಹೊತ್ತು ಸುತ್ತಮುತ್ತಲಿನ ಹೊಲ, ಹಳ್ಳಿ, ಹೊಳೆ ಅಂತ ಅಲೆಯೋದು ಅಂತ ಆಸೆ.

ಈಗಲೇ ಜಗಳ ಶುರುವಾಗಿದೆ. ಒಬ್ಬ ಹೇಳುತ್ತಾನೆ, ದಿನಾ ಟೆಂಟ್ ಬಿಚ್ಚಿ ಮುಂದೆ ಹೋಗೋಣ, ಒಂದೇ ಕಡೆ ಕೂತರೆ ಅದೆಂಥ ಟ್ರಿಪ್ಪು ಅಂತ. ನನಗೆ ದಿನಾ ಗಂಟುಮೂಟೆ ಕಟ್ಟೋದು ನೆನೆಸಿಕೊಂಡರೇ ಬೆನ್ನು ಹಿಡಿಯುತ್ತೆ. ಇಬ್ಬರು ಒಂದು ವರ್ಷದಿಂದ ಜಿಮ್ ಗೋಡೆ ಹತ್ತುತ್ತಿದ್ದಾರೆ, ಹೊರಗಿನ ಬಂಡೆಯನ್ನು ಮುಟ್ಟಿಯೂ ನೋಡಿಲ್ಲ. ಮೊದಲ ದಿನಕ್ಕೆ ಹುಡುಕಿರುವ ದಾರಿ ಹೋಗಿ ಬರೋದು ಸೇರಿ 15 ಕಿ.ಮೀ., ಏರು 900 ಮೀಟರ್. ಬೆಳಿಗ್ಗೆ ಆರಾಮಾಗಿ 10ಕ್ಕೆ ಹೊರಟರೆ ಮಧ್ಯಾಹ್ನ ಊಟಕ್ಕೆ ಟೆಂಟಿಗೆ ವಾಪಸ್ ಬರಬಹುದಲ್ವಾ? ಮಾಡಿ ನೋಡಿದವರು ಹೇಳಿ.

ಹಳೇ ಶೂ:

ಊಟಕ್ಕಲ್ಲ ಗುರು, ರಾತ್ರಿ ಊಟಕ್ಕೆ ಬಂದರೆ ಪುಣ್ಯ.

ನೇಸ್ಮಿತ್ ಅಂತ ಒಬ್ಬ ಸ್ಕಾಟಿಷ್ ಪರ್ವತಾರೋಹಿ 1892ರಲ್ಲಿ ಒಂದು ಲೆಕ್ಕ ಕೊಟ್ಟಿದ್ದ, ಇವತ್ತಿಗೂ ಚಾರಣಿಗರು ಅದನ್ನೇ ಹಿಡಿದುಕೊಂಡಿದ್ದಾರೆ. ಈಗ ಅದನ್ನು ಬಳಸುವ ರೀತಿ ಹೀಗೆ: 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಿಮ್ಮ ದಾರಿಗೆ ಹಾಕಿ ನೋಡಿ. 15 ಕಿ.ಮೀ.ಗೆ ಮೂರು ಗಂಟೆ, 900 ಮೀಟರಿಗೆ ಒಂದೂವರೆ. ನಾಲ್ಕೂವರೆ ಆಯ್ತು. ಆದರೆ ಈ ಲೆಕ್ಕದಲ್ಲಿ ಯಾರೂ ಕೂತು ನೀರು ಕುಡಿಯುವುದಿಲ್ಲ, ಫೋಟೋ ತೆಗೆಯುವುದಿಲ್ಲ, ದಾರಿ ತಪ್ಪಿ ಅರ್ಧ ಕಿ.ಮೀ. ಹೋಗಿ ವಾಪಸ್ ಬರುವುದಿಲ್ಲ. ನಾಲ್ಕು ಜನ ಅಂದಮೇಲೆ ಏಳು ಗಂಟೆ ಇಟ್ಟುಕೊಳ್ಳಿ. ಬೆಳಕು ಹರಿಯುತ್ತಿದ್ದಂತೆ ಹೊರಡಿ. ಬೆಟ್ಟದ ಕಡೆ ಗುಡುಗು ಮಿಂಚು ಜಾಸ್ತಿ ಬರೋದು ಮಧ್ಯಾಹ್ನದ ಮೇಲೆ, ಆ ಹೊತ್ತಿಗೆ ನೀವು ತುದಿಯಿಂದ ಇಳಿದಿರಬೇಕು. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆ ಅಂತರ ಇದ್ದರೆ ಅದು 10 ಕಿ.ಮೀ. ಒಳಗೇ ಇದೆ ಅಂತ ಅರ್ಥ. ಆಗ ನೋಡುತ್ತಾ ನಿಲ್ಲಬೇಡಿ.

ಇನ್ನೊಂದು, ಎಲ್ಲರೂ ಹತ್ತೋದಕ್ಕೇ ಹೆದರುತ್ತಾರೆ, ಕಾಲು ಸೋಲೋದು ಇಳಿಯುವಾಗ. ಹೊರಡುವ ಎರಡು ದಿನ ಮುಂಚೆ ಕಾಲುಗುರು ಕತ್ತರಿಸಿಕೊಳ್ಳಿ. ತುದಿಯಲ್ಲಿ ಇಳಿಯೋಕೆ ಶುರು ಮಾಡುವ ಮುಂಚೆ ಕೂತು, ಕಣಕಾಲಿನ ಹತ್ತಿರ ಲೇಸ್ ಬಿಗಿಯಾಗಿ ಕಟ್ಟಿ. ಇಲ್ಲದಿದ್ದರೆ ಪಾದ ಮುಂದೆ ಜಾರಿ ಹೆಬ್ಬೆರಳು ಪ್ರತಿ ಹೆಜ್ಜೆಗೂ ಶೂ ತುದಿಗೆ ಗುದ್ದುತ್ತೆ. ನನ್ನ ಎರಡೂ ಹೆಬ್ಬೆರಳಿನ ಉಗುರು ಕಪ್ಪಾಗಿ ಉದುರಿ, ಹೊಸದು ಪೂರ್ತಿ ಬರೋಕೆ ತಿಂಗಳುಗಟ್ಟಲೆ ಹಿಡಿಯಿತು. ಸುಮ್ನೆ ಒಂದು ಲೇಸ್ ಕಟ್ಟುವ ಸೋಮಾರಿತನಕ್ಕೆ.

ಟೆಂಟ್ ಜಾಗ ಒಂದೇ ಇರಲಿ ಅಂತ ನನ್ನ ಓಟು. ಆದರೆ ಆ ಒಂದು ಜಾಗ ಸರಿಯಾಗಿ ಆರಿಸಿ. ನಾವೊಮ್ಮೆ ಹೊಳೆ ಪಕ್ಕದ ಹುಲ್ಲು ಎಷ್ಟು ಚೆನ್ನಾಗಿದೆ ಅಂತ ಕಣಿವೆಯ ತಳದಲ್ಲೇ ಟೆಂಟ್ ಹಾಕಿದೆವು. ರಾತ್ರಿ ತಣ್ಣನೆ ಗಾಳಿ ನೀರಿನ ಹಾಗೆ ಇಳಿಜಾರಿನಲ್ಲಿ ಹರಿದು ಬಂದು ತಗ್ಗಿನಲ್ಲಿ ನಿಲ್ಲುತ್ತೆ ಅಂತ ಆಗ ಗೊತ್ತಿರಲಿಲ್ಲ. ಬೆಳಗಿನ ಜಾವ ಎಚ್ಚರವಾದಾಗ ಟೆಂಟ್ ಒಳಗಿನ ಬಟ್ಟೆಯೆಲ್ಲ ಬೆವರಿದ ಹಾಗೆ ಹನಿಗಟ್ಟಿತ್ತು, ಯಾರೋ ಮಗ್ಗುಲು ಬದಲಿಸಿದರು, ಹನಿಯೆಲ್ಲ ನನ್ನ ಮುಖದ ಮೇಲೆ. ಹೊಳೆಯಿಂದ ಕನಿಷ್ಠ 60 ಮೀಟರ್ ದೂರ, ಸ್ವಲ್ಪ ಎತ್ತರದಲ್ಲಿ ಹಾಕಿ. ಹೊಳೆಗೂ ಒಳ್ಳೆಯದು, ನಿಮಗೂ ಒಳ್ಳೆಯದು.

ಬಂಡೆ ಹುಚ್ಚಿ:

ಕ್ಲೈಂಬಿಂಗ್ ಬಗ್ಗೆ ನಾನು ಹೇಳುತ್ತೇನೆ, ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಮೊದಲನೆಯದು, ಆ 15 ಕಿ.ಮೀ. ನಡೆದ ಮಾರನೇ ದಿನ ಬಂಡೆಗೆ ಹೋಗಬೇಡಿ. ಕ್ಲೈಂಬಿಂಗ್ ಅಂದರೆ ಕೈ ಬಲ ಅಂತ ಜಿಮ್‌ನವರಿಗೆ ಅನ್ನಿಸುತ್ತೆ, ನಿಜವಾಗಿ ಮೈ ಹೊರೋದು ಕಾಲು. ಮೀನಖಂಡ ನಡುಗುತ್ತಿದ್ದರೆ ಅರ್ಧ ಇಂಚಿನ ಅಂಚಿನ ಮೇಲೆ ನಿಲ್ಲೋಕೆ ಆಗಲ್ಲ. ಮೊದಲ ದಿನ ಮೈ ಹಗುರ ಇರುವಾಗಲೇ ಬಂಡೆ, ಆಮೇಲೆ ಬೆಟ್ಟ.

ಎರಡನೆಯದು, ಜಿಮ್ ಗೋಡೆಯಲ್ಲಿ ಬಣ್ಣ ಬಣ್ಣದ ಹಿಡಿಗಳು ನಿಮ್ಮನ್ನು ಕರೆದುಕೊಂಡು ಹೋಗುತ್ತವೆ. ಬಂಡೆಯಲ್ಲಿ ಅದನ್ನು ನೀವೇ ಹುಡುಕಬೇಕು. ಅಲ್ಲಿ ಯಾವ ಗ್ರೇಡ್ (ದಾರಿಯ ಕಷ್ಟದ ಮಟ್ಟ) ಹತ್ತುತ್ತಾರೋ ಅದಕ್ಕಿಂತ ಎರಡು ಮೂರು ಗ್ರೇಡ್ ಕೆಳಗಿನಿಂದ ಶುರು ಮಾಡಲಿ. ಹೆಲ್ಮೆಟ್ ಹತ್ತುವವರಿಗೆ ಮಾತ್ರ ಅಲ್ಲ, ಕೆಳಗೆ ಬಿಲೇ ಹಿಡಿದವರಿಗೂ, ಅಂದರೆ ಹತ್ತುವವರ ಹಗ್ಗ ಹಿಡಿದು ಕಾಯುವವರಿಗೂ ಬೇಕು. ಕಲ್ಲು ಬೀಳೋದು ಅವರ ತಲೆ ಮೇಲೆ.

ಮೂರನೆಯದೇ ಮುಖ್ಯ. ಹಗ್ಗದ ತುದಿಗೆ ಗಂಟು. ಜಿಮ್‌ನಲ್ಲಿ ಗೋಡೆ ಎತ್ತರಕ್ಕೆ ಸರಿಯಾದ ಹಗ್ಗ ಮೊದಲೇ ಹಾಕಿರುತ್ತಾರೆ, ಹಾಗಾಗಿ ಈ ಯೋಚನೆ ತಲೆಗೇ ಬರಲ್ಲ. ಹೊರಗೆ 60 ಮೀಟರ್ ಹಗ್ಗ ಇದ್ದರೆ ಹತ್ತಿ ಇಳಿಯೋಕೆ 30 ಮೀಟರಿನ ಬಂಡೆಯೇ ಕೊನೆ (ಹಗ್ಗ ಮೇಲೆ ಹೋಗಿ ಮತ್ತೆ ಕೆಳಗೆ ಬರಬೇಕಲ್ಲ), ಅದೂ ಸ್ವಲ್ಪ ಉಳಿಸಿಕೊಂಡರೆ ಒಳ್ಳೆಯದು. ಒಮ್ಮೆ ಗೆಳತಿಯನ್ನು ಕೆಳಗೆ ಬಿಡುತ್ತಿದ್ದೆ, ಮಾತಾಡುತ್ತಾ, ಮೇಲೆ ನೋಡುತ್ತಾ. ಇದ್ದಕ್ಕಿದ್ದಂತೆ ಹಗ್ಗ ನಿಂತಿತು. ನೋಡಿದರೆ ಹಗ್ಗ ತಡೆದು ಹಿಡಿಯುವ ನನ್ನ ಬಿಲೇ ಡಿವೈಸಿಗೆ ಗಂಟು ಬಂದು ಕಚ್ಚಿಕೊಂಡಿದೆ, ಅವಳು ಇನ್ನೂ ಒಂದಾಳೆತ್ತರಕ್ಕಿಂತ ಮೇಲಿದ್ದಾಳೆ. ಹತ್ತು ನಿಮಿಷ ಮುಂಚೆ ಆ ಗಂಟು ಹಾಕಿದ್ದು ಅವಳೇ, ನಾನು "ಬೇಡ ಬಿಡೇ, ಸಾಕಾಗುತ್ತೆ" ಅಂದಿದ್ದೆ. ಗಂಟು ಇಲ್ಲದಿದ್ದರೆ ಹಗ್ಗದ ತುದಿ ನನ್ನ ಕೈಯಿಂದ ಸುಳಿದು ಹೋಗಿ ಅವಳು ಕಲ್ಲಿನ ಮೇಲೆ ಬೀಳುತ್ತಿದ್ದಳು. ಅವತ್ತಿನಿಂದ ನಾನು ಹಗ್ಗ ಬಿಚ್ಚಿದ ಕೂಡಲೇ ಮೊದಲು ತುದಿ ಹುಡುಕುತ್ತೇನೆ.

ಹತ್ತುವ ಮುಂಚೆ ಇಬ್ಬರೂ ಒಬ್ಬರದನ್ನೊಬ್ಬರು ಮುಟ್ಟಿ ನೋಡಿ: ಹಾರ್ನೆಸ್ (ಸೊಂಟ, ತೊಡೆಗೆ ಕಟ್ಟುವ ಪಟ್ಟಿ) ಬಕಲ್, ಹಗ್ಗವನ್ನು ಅದಕ್ಕೆ ಕಟ್ಟುವ ಎಂಟರ ಗಂಟು, ಬಿಲೇ ಡಿವೈಸ್, ಕ್ಯಾರಬಿನರ್ (ಲೋಹದ ಕೊಂಡಿ) ಲಾಕ್. ಕಣ್ಣಲ್ಲಿ ನೋಡೋದು ಸಾಲಲ್ಲ. ಮತ್ತೆ ಮೇಲೆ ಆಂಕರ್ ಹಾಕೋದು, ಅಂದರೆ ಹಗ್ಗವನ್ನು ಬಂಡೆಗೆ ಭದ್ರವಾಗಿ ಸಿಕ್ಕಿಸೋದು, ಇಬ್ಬರಿಗೂ ಗೊತ್ತಿಲ್ಲ ಅಂದರೆ ಗೊತ್ತಿರುವ ಒಬ್ಬರನ್ನು ಕರೆದುಕೊಂಡೇ ಹೋಗಿ. ವಿಡಿಯೋ ನೋಡಿ ಕಲಿಯುವ ವಿಷಯ ಅಲ್ಲ ಇದು. ಬಂಡೆ ಮರಳುಗಲ್ಲಿನದಾಗಿದ್ದರೆ ಮಳೆ ಬಂದ ಮಾರನೇ ದಿನವೂ ಹತ್ತಬೇಡಿ, ನೆನೆದಾಗ ಅದು ಮೆತ್ತಗಾಗಿ ಹಿಡಿಗಳು ಕಿತ್ತು ಬರುತ್ತವೆ.

ಮೋಡಗಳ್ಳ:

ಹಳೇ ಶೂ ಮಾತಿಗೆ ನನ್ನ ಅರ್ಧ ವಿರೋಧ ಇದೆ. ಐದೂ ದಿನ ಒಂದೇ ಜಾಗ ಅಂದರೆ ಮೂರನೇ ದಿನಕ್ಕೆ ಎಲ್ಲರೂ ಟೆಂಟ್ ಮುಂದೆ ಮೊಬೈಲ್ ಹಿಡಿದು ಕೂರುತ್ತಾರೆ, ನೋಡಿದ್ದೇನೆ. ಹಾಗಂತ ದಿನಾ ಬದಲಾಯಿಸೋದೂ ಹುಚ್ಚುತನ. 60 ಮೀಟರ್ ಹಗ್ಗವೇ ನಾಲ್ಕು ಕೆ.ಜಿ. ಹತ್ತಿರ ತೂಗುತ್ತೆ, ಅದರ ಮೇಲೆ ಹಾರ್ನೆಸ್ಸು, ಟೆಂಟು, ಪಾತ್ರೆ, ಇದನ್ನೆಲ್ಲ ದಿನಾ ಹೊತ್ತು ನಡೆದರೆ ಸುತ್ತ ನೋಡೋದಕ್ಕಿಂತ ನೆಲ ನೋಡೋದೇ ಜಾಸ್ತಿ. ಎರಡು ಜಾಗ ಮಾಡಿ. ಮೊದಲ ಎರಡು ರಾತ್ರಿ ಬಂಡೆ ಹತ್ತಿರ, ಉಳಿದ ರಾತ್ರಿಗಳು ಬೆಟ್ಟದ ಬುಡದಲ್ಲಿ. ನಿಮ್ಮ ಗೆಳೆಯನಿಗೂ ಸಮಾಧಾನ.

ಹಳ್ಳಿ ಕಡೆ ಸುತ್ತೋದನ್ನು "ಉಳಿದ ಹೊತ್ತು" ಅಂತ ಬರೆದಿದ್ದೀರಲ್ಲ, ಅದಕ್ಕೆ ಪೂರ್ತಿ ಒಂದು ದಿನ ಕೊಡಿ. ನನಗೆ ಪ್ರತಿ ಸಲ ನೆನಪಿನಲ್ಲಿ ಉಳಿಯೋದು ಆ ದಿನವೇ. ಎಲ್ಲೂ ತಲುಪಬೇಕಿಲ್ಲ, ಆರೇಳು ಕಿ.ಮೀ. ಕಾಲುದಾರಿ ಸಾಕು, ನೋಯುವ ಕಾಲಿಗೂ ಸುಮ್ಮನೆ ಮಲಗೋದಕ್ಕಿಂತ ಮೆಲ್ಲಗೆ ನಡೆಯೋದೇ ವಾಸಿ. ಹೊಲದ ಗೇಟು ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಿ, ತೆರೆದಿದ್ದರೆ ತೆರೆದೇ ಬಿಡಿ. ಉಪಕಾರ ಅಂತ ಮುಚ್ಚಿದರೆ ದನಗಳಿಗೆ ನೀರಿನ ದಾರಿ ತಪ್ಪಿಸಿದ ಹಾಗೆ ಆಗಬಹುದು. ಬೆಳೆ ಇದ್ದರೆ ಅಂಚಿನಲ್ಲಿ ಒಬ್ಬರ ಹಿಂದೆ ಒಬ್ಬರು. ಹಸುವಿಗೂ ಕರುವಿಗೂ ನಡುವೆ ಮಾತ್ರ ಹೋಗಬೇಡಿ, ಎಷ್ಟೇ ಸಾಧುವಾಗಿ ಕಂಡರೂ. ಟೆಂಟ್ ಹಾಕುವ ನೆಲ ಯಾರದು ಅಂತ ವಿಚಾರಿಸಿ, ಕೇಳಿಯೇ ಹಾಕಿ. ಕೇಳಿದ ನೆಪಕ್ಕೆ ನೀರು ಎಲ್ಲಿ ಸಿಗುತ್ತೆ, ಯಾವ ದಾರಿ ಕುಸಿದಿದೆ ಅಂತಲೂ ತಿಳಿಯುತ್ತೆ, ಅದು ಯಾವ ಮ್ಯಾಪಿನಲ್ಲೂ ಇರಲ್ಲ.

ಸೋಮಾರಿ ಚಾರಣಿಗ:

ಹಳೇ ಶೂ, ಬೆಳಕು ಹರಿಯುತ್ತಿದ್ದಂತೆ ಅಂದಿರಲ್ಲ, ನನ್ನ ಹೆಸರು ನೋಡಿದ್ರಾ? 😄 ಇರಲಿ, ಏಳುತ್ತೇನೆ.

ಅಕ್ಕಾ, ಗಂಟಿನ ಕಥೆ ಓದಿ ಜಿಮ್ ಇಬ್ಬರಿಗೂ ಕಳಿಸಿದೆ. ಒಬ್ಬ ಸುಮ್ಮನಾದ, ಇನ್ನೊಬ್ಬಳು ಆಗಲೇ ಅನುಭವ ಇರುವವರನ್ನು ಹುಡುಕುತ್ತಿದ್ದಾಳೆ. ಈಗಿನ ಪ್ಲಾನ್: ಮೊದಲ ದಿನ ಬಂಡೆ, ಎರಡನೇ ದಿನ ಹಳ್ಳಿ ಸುತ್ತಾಟ, ಮೂರನೇ ದಿನ ಬೆಳಿಗ್ಗೆ ಟೆಂಟ್ ಬದಲಾವಣೆ, ಸಂಜೆ ಬರೀ ವಿಶ್ರಾಂತಿ. ನಾಲ್ಕನೇ ದಿನ ಆ 15 ಕಿ.ಮೀ. ಐದನೇ ದಿನ ಏನೂ ಇಲ್ಲ, ಮಳೆ ಬಂದು ಯಾವುದಾದರೂ ತಪ್ಪಿದರೆ ಅಲ್ಲಿಗೆ. ಎರಡನೇ ಬೆಟ್ಟ ಬಿಟ್ಟೆವು.

ಒಂದೇ ಪ್ರಶ್ನೆ ಉಳಿದಿದೆ. ಮಳೆ ಬಂದರೆ ಸ್ಟೌವ್ ಟೆಂಟ್ ಒಳಗೆ ಹಚ್ಚಬಹುದಾ? ಜಿಪ್ ಸ್ವಲ್ಪ ತೆಗೆದಿಟ್ಟುಕೊಂಡು?

ಹಳೇ ಶೂ:

ಬೇಡವೇ ಬೇಡ. ಬೆಂಕಿ ಹತ್ತೋದು ಒಂದು ಕಡೆ, ಕಾರ್ಬನ್ ಮೊನಾಕ್ಸೈಡ್ ಇನ್ನೊಂದು ಕಡೆ. ಅದಕ್ಕೆ ವಾಸನೆ ಇಲ್ಲ, ತಲೆನೋವು ಬಂತು ಅಂತ ಮಲಗಿದವರು ಏಳಲ್ಲ. ಜಿಪ್ ಸ್ವಲ್ಪ ತೆಗೆದರೆ ಸಾಲಲ್ಲ. ಒಂದು ಟಾರ್ಪಾಲ್ ತಗೊಂಡು ಹೋಗಿ, ಹೊರಗೆ ಎತ್ತರಕ್ಕೆ ಕಟ್ಟಿ, ನಾಲ್ಕೂ ಕಡೆ ಗಾಳಿ ಆಡುವ ಹಾಗೆ, ಅದರ ಕೆಳಗೆ ಹಚ್ಚಿ. ಜೊತೆಗೆ ಒಂದು ಹೊತ್ತಿಗಾಗುವಷ್ಟು ಬೇಯಿಸದೆ ತಿನ್ನುವಂಥದ್ದು ಇಟ್ಟುಕೊಳ್ಳಿ.

ಬಂಡೆ ಹುಚ್ಚಿ:

ಸುಮ್ಮನಾದ ಅಂದೆಯಲ್ಲ, ಹಗ್ಗದ ತುದಿ ಅವನ ಕೈಗೇ ಕೊಡು.