ಚರ್ಮದ ಡೇಟಾ: ಎಲ್ಲರಿಗೂ ಒಂದೇ ಮೆಥೈಲೇಷನ್ ವಯಸ್ಸು ಬರುತ್ತಿದೆ, ಯಾಕೆ?

ವಿರಾಜಪೇಟೆ_ಎಂಎಸ್ಸಿ:
ನಮಸ್ಕಾರ. ಚರ್ಮದ ಮುಪ್ಪಿನ ಮೇಲೆ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ನಮ್ಮ ಕಡೆ ಕಣದಲ್ಲಿ ಕಾಫಿ ಒಣಗಿಸುವ ಹೆಂಗಸರ ತೋಳು ನೋಡಿ ಹುಟ್ಟಿದ ಪ್ರಶ್ನೆ ಇದು. ರವಿಕೆಯ ಅಂಚಿನಿಂದ ಕೆಳಗೆ ಚರ್ಮ ಕಪ್ಪಾಗಿ, ದಪ್ಪಗೆ, ಗೆರೆಗೆರೆ. ಅಂಚಿನ ಮೇಲೆ ಇನ್ನೂ ನುಣುಪು. ಅದೇ ಮೈ, ಅದೇ ಜೀನು ಅಲ್ವಾ?

ಸಾರ್ವಜನಿಕ ಭಂಡಾರದಿಂದ ಎಪಿಕ್ ವಿ2 (ಡಿಎನ್‌ಎ ಮೇಲಿನ ಮೆಥೈಲ್ ಗುರುತುಗಳನ್ನು ಅಳೆಯುವ ಚಿಪ್ಪು) ಡೇಟಾ ಇಳಿಸಿಕೊಂಡು, ಆ ಗುರುತುಗಳಿಂದ ವಯಸ್ಸು ಅಂದಾಜಿಸುವ ಹೋರ್ವಾತ್ ಅವರ 2013ರ ಗಡಿಯಾರ ಓಡಿಸಿದೆ. 30 ದಾಟಿದವರಿಗೂ 70 ದಾಟಿದವರಿಗೂ ಒಂದೇ ವಯಸ್ಸು, ದಶಮಾಂಶ ಕೂಡ ಬದಲಾಗಿಲ್ಲ. ಎರರ್ ಏನೂ ಇಲ್ಲ. ಮಳೆಗೆ ನೆಟ್ ಹೋಗಿ ಬಂದು ಆಗುತ್ತಿತ್ತು. ಫೈಲ್ ಅರ್ಧ ಇಳಿದಿರಬಹುದಾ?

ಸೋಮವಾರಪೇಟೆ_ಲ್ಯಾಬ್:
ಫೈಲ್ ಮೇಲೆ ಅನುಮಾನ ಬೇಡ. ಪ್ರೋಬ್‌ಗಳ (ಚಿಪ್ಪಿನಲ್ಲಿ ಡಿಎನ್‌ಎಯ ಒಂದೊಂದು ತಾಣ ಅಳೆಯುವ ತುಣುಕುಗಳ) ಹೆಸರು ತೆರೆದು ನೋಡಿ. ವಿ2ನಲ್ಲಿ ಹೆಸರಿನ ಕೊನೆಗೆ ಅಂಡರ್‌ಸ್ಕೋರ್ ಹಾಕಿ ಟಿಸಿ21, ಬಿಸಿ11 ಅಂತ ಬಾಲ ಸೇರಿಸಿದ್ದಾರೆ. ಗಡಿಯಾರ ಹುಡುಕುವ 353 ತಾಣಗಳ ಹೆಸರಿಗೆ ಬಾಲ ಇಲ್ಲ, ಹಾಗಾಗಿ ಒಂದೂ ಹೊಂದುವುದಿಲ್ಲ. ಸಿಗದ ತಾಣಕ್ಕೆ ಕೆಲವು ಪ್ಯಾಕೇಜುಗಳು ಸುಮ್ನೆ ಸರಾಸರಿ ಬೆಲೆ ತುಂಬಿಬಿಡುತ್ತವೆ. ನಿಮಗೆ ಬಂದಿರುವುದು ಆ ಸರಾಸರಿಯ ವಯಸ್ಸು.

ಬಾಲ ಕತ್ತರಿಸಿ. ಒಂದೇ ಹೆಸರು ಎರಡೆರಡು ಸಲ ಬಂದರೆ ಸರಾಸರಿ ತೆಗೆಯಿರಿ. ಸೆಸೇಮಿ ಪ್ಯಾಕೇಜಿನಲ್ಲಿ ಇದಕ್ಕೇ ಫಂಕ್ಷನ್ ಇದೆ. ಆಮೇಲೆ ಎಷ್ಟು ತಾಣ ಹೊಂದಿದವು ಅಂತ ಎಣಿಸಿ. ಹೊಸ ಚಿಪ್ಪಿನಲ್ಲಿ ಕೆಲವು ಇಲ್ಲವೇ ಇಲ್ಲ.

ಇನ್ನೊಂದು. ಚರ್ಮದ ಒಳಪದರದ ಫೈಬ್ರೋಬ್ಲಾಸ್ಟ್ ಕೋಶಗಳಲ್ಲಿ 2013ರ ಗಡಿಯಾರ ಎಡವುತ್ತದೆ. ಚರ್ಮಕ್ಕೂ ರಕ್ತಕ್ಕೂ ಅಂತಲೇ 2018ರಲ್ಲಿ 391 ತಾಣಗಳದ್ದು ಬಂತು. ಅದನ್ನೇ ಬಳಸಿ.

ವಿರಾಜಪೇಟೆ_ಎಂಎಸ್ಸಿ:
ಬಾಲ ತೆಗೆದ ಕೂಡಲೇ ವಯಸ್ಸು ಬೇರೆ ಬೇರೆ ಬಂತು! ತುಂಬಾ ಥ್ಯಾಂಕ್ಸ್. ಆದರೆ ಬಿಸಿಲು ಬಿದ್ದ ಜಾಗಕ್ಕೂ ಮುಚ್ಚಿದ ಜಾಗಕ್ಕೂ ಹೆಚ್ಚು ವ್ಯತ್ಯಾಸ ಕಾಣುತ್ತಿಲ್ಲ.

ಸೋಮವಾರಪೇಟೆ_ಲ್ಯಾಬ್:
ಗಡಿಯಾರ ಕಟ್ಟಿರುವುದೇ ಹುಟ್ಟಿದ ವರ್ಷಕ್ಕೆ ಹೊಂದುವ ಹಾಗೆ. ಬಿಸಿಲನ್ನು ಅದರಲ್ಲಿ ಹುಡುಕಬೇಡಿ. ವಯಸ್ಸಾದವರ ಬಿಸಿಲು ಕಂಡ ಹೊರಪದರದಲ್ಲಿ ಜೀನೋಮಿನ ಉದ್ದುದ್ದ ತುಂಡುಗಳೇ ಮೆಥೈಲ್ ಗುರುತು ಕಳೆದುಕೊಂಡಿರುತ್ತವೆ. ಇದು 2015ರಲ್ಲೇ ಪ್ರಕಟವಾಗಿದೆ. ಜೀನಿನ ಅಕ್ಷರ ಅದೇ ಇದ್ದರೂ ಅದರ ಮೇಲಿನ ಗುರುತು ಅಳಿಯುತ್ತದೆ.

ಹೊರಪದರದ ಬುಡದ ಕೋಶಗಳು ಜೀವನವಿಡೀ ಎರಡೆರಡಾಗಿ ಒಡೆಯುತ್ತಲೇ ಇರುತ್ತವೆ. ಪ್ರತಿ ಸಲವೂ ಡಿಎನ್‌ಎಂಟಿ1 ಎಂಬ ಕಿಣ್ವ ಡಿಎನ್‌ಎಯ ಹಳೇ ಎಳೆಯ ಗುರುತನ್ನು ಹೊಸ ಎಳೆಗೆ ನಕಲು ಮಾಡಬೇಕು. ನನಗೆ ಬಹಳ ಇಷ್ಟವಾದ ವಿಷಯ ಏನೆಂದರೆ, ಚರ್ಮ ಬೆಳೆಯುವುದಕ್ಕೂ ಇದೇ ಕಿಣ್ವ ಬೇಕು. ಅದನ್ನು ತೆಗೆದರೆ ಬುಡದ ಕೋಶಗಳು ಹೊತ್ತಿಗೆ ಮುಂಚೆ ಬಲಿತು ಖಾಲಿಯಾಗುತ್ತವೆ.

ಹಾಗಾಗಿ ತುಂಡು ತುಂಡಾಗಿ ಸರಾಸರಿ ಮೆಥೈಲೇಷನ್ ಹೋಲಿಸಿ, ಹೊರಪದರದ ಸ್ಯಾಂಪಲ್ ಮಾತ್ರ ಇಟ್ಟುಕೊಂಡು. ಒಳಪದರ ಬೆರೆತರೆ ಕೋಶಗಳ ವ್ಯತ್ಯಾಸವೇ ಬಿಸಿಲಿನ ಥರ ಕಾಣುತ್ತದೆ. ಮೆಟಾಡೇಟಾದಲ್ಲಿ ಪದರ ಬರೆದಿದ್ದಾರಾ, ಮೊದಲು ಅದನ್ನು ನೋಡಿ ಹೇಳಿ.