ಹಳೇ ಕಿಟಕಿ, ಹಂಚು, ಪತ್ತಾಯದ ಮೇಲೆ ಹಕ್ಕಿ ಬಿಡಿಸಿದವರು ಇದ್ದೀರಾ?

ಪೆರ್ಲದಿಂದ, ಕೇಳಿದ್ದು:

ಅಜ್ಜನ ಮನೆ ಕೆಡವಿ ಆಯಿತು. ತೊಲೆ, ಪಕ್ಕಾಸು ಎಲ್ಲ ಮಾರಿದ ಮೇಲೆ ನನ್ನ ಪಾಲಿಗೆ ಬಂದದ್ದು ಇಷ್ಟು: ಹಸಿರು ಪೈಂಟ್ ಬಳಿದ ಹಲಸಿನ ಕಿಟಕಿ ಬಾಗಿಲು, ಬೀಗದ ತಗಡು ಇರುವ ಪತ್ತಾಯದ (ಭತ್ತ ತುಂಬಿಡುವ ಮರದ ಕಣಜ) ಬಾಗಿಲು, ಒಂದಷ್ಟು ಹಂಚು, ತುಕ್ಕು ಹಿಡಿದ ಲಾಟೀನು, ಹಿತ್ತಾಳೆ ಪಟ್ಟಿಯ ಸೇರು. ನಾನು ಕಾಗದದ ಮೇಲೆ ಜಲವರ್ಣದಲ್ಲಿ ಹಕ್ಕಿ ಬಿಡಿಸುತ್ತೇನೆ. ಈಗ ಇವುಗಳ ಮೇಲೆ ಬಿಡಿಸುವ ಆಸೆ. ನಮ್ಮ ಮಳೆಗಾಲಕ್ಕೆ ಬಣ್ಣ ನಿಲ್ಲುತ್ತದಾ? ಎಲ್ಲಿಂದ ಶುರು ಮಾಡಲಿ? ಅಣ್ಣ ಅಂತೂ ಎಲ್ಲ ಗುಜರಿಗೆ ಹಾಕು ಅಂತಾನೆ.

ಬದಿಯಡ್ಕದಿಂದ:

ಅಕ್ಕಾ, ಗುಜರಿಗೆ ಹಾಕಬೇಡಿ. ಹಾಗಂತ ನಾಳೆಯೇ ಬ್ರಷ್ ಹಿಡಿಯಲೂ ಬೇಡಿ. ಈ ಕೆಲಸದಲ್ಲಿ ಹಕ್ಕಿ ಬಿಡಿಸುವುದು ಕಾಲುಪಾಲು ಮಾತ್ರ. ಉಳಿದ ಮುಕ್ಕಾಲು ತೊಳೆಯುವುದು, ಒಣಗಿಸುವುದು, ಸುಮ್ನೆ ಕಾಯುವುದು.

ಮೊದಲು ಕುಟ್ಟೆ, ಅಂದರೆ ಮರ ಕೊರೆಯುವ ಹುಳ ನೋಡಿ. ಹಳೇ ಮರದಲ್ಲಿ ಸಣ್ಣ ತೂತು ಇದ್ದೇ ಇರುತ್ತದೆ, ಅದಕ್ಕೆ ಹೆದರಬೇಕಿಲ್ಲ. ಹುಳ ಈಗಲೂ ಒಳಗಿದೆಯಾ ಅಂತ ತಿಳಿಯಬೇಕು. ಕಪ್ಪು ಕಾಗದ ಹಾಸಿ ಅದರ ಮೇಲೆ ಹಲಗೆ ಇಡಿ. ವಾರ ಬಿಟ್ಟು ಎತ್ತಿ ನೋಡಿ. ಕಾಗದದ ಮೇಲೆ ನುಣ್ಣಗಿನ ಹುಡಿ ಬಿದ್ದಿದ್ದರೆ ಒಳಗೆ ಊಟ ಇನ್ನೂ ನಡೆಯುತ್ತಿದೆ. ಬೋರಾಕ್ಸ್, ಬೋರಿಕ್ ಪುಡಿ ಬಿಸಿನೀರಲ್ಲಿ ಕರಗಿಸಿ, ಪೈಂಟ್ ಇಲ್ಲದ ಹಿಂಬದಿಗೆಲ್ಲ ಹಚ್ಚಿ. ತೂತಿಗೆ ಸಿರಿಂಜಿನಲ್ಲಿ ಬಿಡಿ. ಚೆನ್ನಾಗಿ ಒಣಗಲಿ.

ಆಮೇಲೆ ಜಿಡ್ಡು. ಅಡಿಗೆಕೋಣೆ ಕಡೆಯ ಕಿಟಕಿಯಾದರೆ ಹೊಗೆ, ಎಣ್ಣೆ ಕೂತು ಮೇಣದ ಹಾಗೆ ಆಗಿರುತ್ತದೆ. ಅದರ ಮೇಲೆ ಯಾವ ಬಣ್ಣವೂ ಹಿಡಿಯುವುದಿಲ್ಲ. ವಾಷಿಂಗ್ ಸೋಡಾ ಹಾಕಿದ ಬಿಸಿನೀರು, ತೆಂಗಿನ ನಾರು, ಕೊನೆಗೆ ಬರೀ ನೀರು. ಒಣಗಿಸುವುದು ನೆರಳಲ್ಲಿ. ಬಿಸಿಲಿಗಿಟ್ಟರೆ ಹಲಗೆ ಸೊಟ್ಟಗಾಗುತ್ತದೆ.

ಹಲಸಿನ ವಿಷಯ ಬೇರೆಯೇ. ಅದರ ತಿರುಳಲ್ಲಿ ಹಳದಿ ಬಣ್ಣ ಇದೆ, ನೀರು ತಾಗಿದರೆ ಬಿಡುತ್ತದೆ. ಬೌದ್ಧ ಭಿಕ್ಷುಗಳ ಬಟ್ಟೆಗೆ ಬಣ್ಣ ಕಟ್ಟಲು ಇದನ್ನೇ ಕುದಿಸುತ್ತಿದ್ದರು. ಬೋಳು ಹಲಸಿನ ಮೇಲೆ ನೇರವಾಗಿ ಬಿಳಿ ಜೆಸ್ಸೊ (ಬಣ್ಣಕ್ಕೆ ಮೊದಲು ಬಳಿಯುವ ತಳಪದರ) ಬಳಿದರೆ ಆ ಹಳದಿ ಮೇಲೆ ಬರುತ್ತದೆ. ರಾಜಹಕ್ಕಿಯ ಬಿಳಿ ಬಾಲಕ್ಕೆ ಯಾರೋ ಅರಿಶಿನದ ಕೈ ಒರೆಸಿದ ಹಾಗೆ ಕಾಣುತ್ತದೆ. ಅದಕ್ಕೆ ಮೊದಲು ಅರಗಿನ ಪಾಲಿಶ್ ಎರಡು ಕೋಟ್ ಕೊಡಿ, ಬಡಗಿಗಳು ಸ್ಪಿರಿಟ್‌ನಲ್ಲಿ ಕರಗಿಸಿ ಹಚ್ಚುತ್ತಾರಲ್ಲ, ಅದೇ. ಒಣಗಿದ ಮೇಲೆ ಸಣ್ಣ ಸ್ಯಾಂಡ್ ಪೇಪರಿನಲ್ಲಿ ಹಗುರಕ್ಕೆ ಉಜ್ಜಿ, ಮತ್ತೆ ಜೆಸ್ಸೊ.

ಜಲವರ್ಣ ಇಲ್ಲಿ ನಡೆಯುವುದಿಲ್ಲ, ಒದ್ದೆ ಬಟ್ಟೆ ತಾಗಿದರೆ ಹೋಯಿತು. ಅಕ್ರಿಲಿಕ್ ತೆಗೆದುಕೊಳ್ಳಿ. ನೀರು ಬೆರೆಸಿ ತೆಳುವಾಗಿ ಪದರ ಪದರ ಹಚ್ಚಿದರೆ ನಿಮ್ಮ ಕೈಗೆ ಬೇಗ ಒಗ್ಗುತ್ತದೆ. ಒಂದೇ ವ್ಯತ್ಯಾಸ: ಕಾಗದದಲ್ಲಿ ಬಿಳಿಯನ್ನು ಹಾಗೇ ಬಿಟ್ಟುಕೊಳ್ಳುತ್ತೀರಿ, ಇಲ್ಲಿ ಬಿಳಿಯನ್ನೂ ಹಚ್ಚಬೇಕು.

ಮತ್ತೊಂದು, ಆ ಹಸಿರು ಪೈಂಟನ್ನು ಪೂರ್ತಿ ಕೆರೆದು ತೆಗೆಯಬೇಡಿ. ಎದ್ದು ಬಂದ ಚಕ್ಕೆ ಮಾತ್ರ ಹೋಗಲಿ. ನಮ್ಮ ತೋಟದ ಕುಟ್ರುಹಕ್ಕಿಯ ಮೈ ಹಸಿರೇ ಅಲ್ವಾ? ತಲೆ, ಕೆನ್ನೆಯ ಬಿಳಿ ಗೆರೆ, ಕೊಕ್ಕು, ಕಾಲು ನೀವು ಬಿಡಿಸಿ. ಬೆನ್ನು, ರೆಕ್ಕೆಗೆ ಅಜ್ಜ ಬಳಿಸಿದ ಹಸಿರೇ ಇರಲಿ, ಅಂಚಿಗೆ ಸ್ವಲ್ಪ ನೆರಳು ಕೊಟ್ಟರೆ ಸಾಕು.

ಕುಂಬಳೆಯಿಂದ:

ಬದಿಯಡ್ಕದ ಅಣ್ಣ ಹೇಳಿದ್ದು ಚಂದ ಇದೆ. ಆದರೆ ಹಳೇ ಪೈಂಟ್ ಅಂದರೆ ಸೀಸ, ವಿಷ. ಮನೆಗೆ ಬಳಿಯುವ ಪೈಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದು ಎಂಬ ನಿಯಮ ಬಂದದ್ದೇ 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅಜ್ಜನ ಕಾಲದ ಪೈಂಟಿನಲ್ಲಿ ಸೀಸ ಇದೆ ಎಂದೇ ಲೆಕ್ಕ ಹಾಕಿ. ಒಣಗಿರುವಾಗ ಉಜ್ಜಬೇಡಿ, ಬೆಂಕಿ ಕಾಯಿಸಿ ತೆಗೆಯಲೇಬೇಡಿ. ನೀರು ಹಾಕಿ ಒದ್ದೆ ಮಾಡಿ ಉಜ್ಜಿ, ಮಾಸ್ಕ್ ಹಾಕಿ, ಕೆಳಗೆ ಪ್ಲಾಸ್ಟಿಕ್ ಹಾಸಿ. ಪುಟ್ಟ ಮಕ್ಕಳು ಹತ್ತಿರ ಬರಬಾರದು. ಹಸಿರು ಉಳಿಸಿಕೊಳ್ಳುವುದಾದರೆ ಮೇಲಿಂದ ವಾರ್ನಿಶ್ ಕೊಟ್ಟು ಪೂರ್ತಿ ಮುಚ್ಚಿಬಿಡಿ, ಮಕ್ಕಳ ಕೈಗೆ ಸಿಗದಷ್ಟು ಎತ್ತರಕ್ಕೆ ನೇತುಹಾಕಿ.

ಮುಳ್ಳೇರಿಯದಿಂದ:

ನಾನು ಹಂಚಿನ ಮೇಲೆ ಜಾಸ್ತಿ ಮಾಡಿದ್ದು. ಹಂಚು ನೀರು ಕುಡಿಯುತ್ತದೆ, ಎಲ್ಲ ತಾಪತ್ರಯ ಅಲ್ಲಿಂದಲೇ. ಪಾಚಿಯನ್ನು ಗಟ್ಟಿ ಬ್ರಷ್‌ನಲ್ಲಿ ತಿಕ್ಕಿ ತೆಗೆದು, ಮಾರ್ಚ್-ಏಪ್ರಿಲ್ ಬಿಸಿಲಲ್ಲಿ ದಿನಗಟ್ಟಲೆ ಇಡಿ. ಹಂಚು ಸೊಟ್ಟಗಾಗುವುದಿಲ್ಲ, ಧೈರ್ಯವಾಗಿ ಇಡಿ. ಆಮೇಲೆ ಎರಡೂ ಬದಿಗೆ ಪ್ರೈಮರ್. ಎದುರು ಮಾತ್ರ ಬಳಿದು ಹಿಂದೆ ಬಿಟ್ಟರೆ ಜೂನ್‌ನಲ್ಲಿ ಹಿಂದಿನಿಂದ ತೇವ ಎಳೆದು, ಎದುರಿನ ಬಣ್ಣ ಗುಳ್ಳೆ ಎದ್ದು ಬರುತ್ತದೆ.

ನಿಮ್ಮ ಹಂಚನ್ನು ತಿರುಗಿಸಿ ನೋಡಿ. ಕಾರ್ಖಾನೆಯ ಹೆಸರು, ಗುರುತು ಒಳಬದಿಯಲ್ಲಿರುತ್ತದೆ. ಸ್ವಿಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಹಂಚಿನ ಮೇಲೆ 1865 ಅಂತ ಕಂಡರೆ ಅದು ಕಾರ್ಖಾನೆಯ ವರ್ಷ, ಆ ಹಂಚು ಸುಟ್ಟ ವರ್ಷ ಅಲ್ಲ. ಮಾರುವಾಗ ಕೆಲವರು ಇದೇ ನೆಪದಲ್ಲಿ ರೇಟು ಏರಿಸುತ್ತಾರೆ, ನಂಬಬೇಡಿ. ನನಗೆ ಆ ಉಬ್ಬು ಅಕ್ಷರದ ಬದಿಯೇ ಇಷ್ಟ. ಅಕ್ಷರಕ್ಕೆ ಬಣ್ಣ ತಾಗಿಸದೆ, ಅದರ ಮೇಲೆ ಗುಬ್ಬಿ ಕೂತ ಹಾಗೆ ಬಿಡಿಸುತ್ತೇನೆ. ಹಂಚಿನ ಸಂದಿ ಗುಬ್ಬಿಯ ಮನೆಯೇ ಆಗಿತ್ತಲ್ಲ.

ಮಂಜೇಶ್ವರದಿಂದ:

ಕೇಳಿದ ಪಟ್ಟಿಯಲ್ಲಿ ಇಲ್ಲ, ಆದರೂ ಹೇಳುತ್ತೇನೆ. ಕಡಲ ಕರೆಯಲ್ಲಿ ಹಳೇ ದೋಣಿ ಹಲಗೆ ಸಿಕ್ಕಿದರೆ ಬಿಡಬೇಡಿ. ಬಿಳಿಹೊಟ್ಟೆಯ ಕಡಲ ಹದ್ದು 2023ರಿಂದ ನಮ್ಮ ಕಾಸರಗೋಡು ಜಿಲ್ಲೆಯ ಅಧಿಕೃತ ಹಕ್ಕಿ. ಅದಕ್ಕೆ ದೋಣಿ ಹಲಗೆಗಿಂತ ಒಳ್ಳೇ ಜಾಗ ಯಾವುದಿದೆ? ಬಿಸಿಲು, ಉಪ್ಪುನೀರಿಗೆ ಬೂದಿ ಬಣ್ಣಕ್ಕೆ ತಿರುಗಿದ ಮರ, ಹದ್ದಿನ ರೆಕ್ಕೆಯದ್ದೂ ಅದೇ ಬೂದಿ. ಹೊಟ್ಟೆ, ಕತ್ತಿನ ಬಿಳಿ ಮಾತ್ರ ನಾವು ಕೊಡಬೇಕು. ಮರಿಹದ್ದು ಕಂದು ಬಣ್ಣದ್ದು, ಫೋಟೋ ನೋಡಿ ಬಿಡಿಸುವವರು ಅಲ್ಲಿ ಎಡವುತ್ತಾರೆ.

ಆದರೆ ದೋಣಿ ಹಲಗೆಯಲ್ಲಿ ಉಪ್ಪು ಇರುತ್ತದೆ, ಸಿಹಿನೀರಲ್ಲಿ ನೆನೆಸಿ ನೆನೆಸಿ ತೆಗೆಯಬೇಕು. ಗೇರುಬೀಜದ ಸಿಪ್ಪೆಯ ಎಣ್ಣೆಯೋ ಬೂತಾಯಿ ಮೀನಿನ ಎಣ್ಣೆಯೋ ಹಚ್ಚಿದ್ದರೆ ಬಣ್ಣ ಹಿಡಿಯುವುದು ಕಷ್ಟ. ವಾಸನೆಯ ಸುದ್ದಿ ಬೇಡ ಬಿಡಿ, ಬೆಕ್ಕು ಬಂದು ನೆಕ್ಕುತ್ತದೆ!

ಪೆರ್ಲದಿಂದ:

ಇಷ್ಟೆಲ್ಲ ಇದೆ ಅಂತ ಗೊತ್ತೇ ಇರಲಿಲ್ಲ. ಇನ್ನೆರಡು ಪ್ರಶ್ನೆ. ಪತ್ತಾಯದ ಬಾಗಿಲಿಗೆ ಯಾವ ಹಕ್ಕಿ? ತೋಟದಲ್ಲಿ ಬಿದ್ದ ಗರಿ, ಖಾಲಿ ಗೂಡು ಅಂಟಿಸಬಹುದಾ?

ಕುಂಬಳೆಯಿಂದ:

ಗರಿ, ಗೂಡು, ಮೊಟ್ಟೆಯ ಸಹವಾಸ ಬೇಡ ಅಕ್ಕಾ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಬಿದ್ದದ್ದನ್ನು ಹೆಕ್ಕಿದ್ದು ಅಂದರೆ ಯಾರೂ ಒಪ್ಪುವುದಿಲ್ಲ, ಮಾರುವ ಯೋಚನೆ ಇದ್ದರಂತೂ ದೂರ ಇಡಿ. ಬಿಡಿಸುವ ಕೈ ಇರುವಾಗ ಗರಿ ಯಾಕೆ ಅಂಟಿಸಬೇಕು?

ಹಾಗೆಯೇ ಹಳೇ ಮನೆಯಲ್ಲಿ ಭೂತಾರಾಧನೆಯ ಸಾಮಾನು, ದೇವರ ಕೋಣೆಯ ಕೆತ್ತನೆ ಏನಾದರೂ ಸಿಕ್ಕಿದ್ದರೆ ಅದಕ್ಕೆ ಬ್ರಷ್ ತಾಗಿಸಬೇಡಿ, ಕುಟುಂಬದ ಹಿರಿಯರಿಗೆ ಕೊಡಿ. ನೂರು ವರ್ಷ ದಾಟಿದ ಕೆತ್ತನೆಯಾದರೆ ಪುರಾತನ ವಸ್ತುಗಳ ಕಾನೂನೂ ಬರುತ್ತದೆ.

ಬದಿಯಡ್ಕದಿಂದ:

ಪತ್ತಾಯಕ್ಕೆ ಮಂಗಟ್ಟೆ, ಎರಡು ಮಾತಿಲ್ಲ. ಬೀಗದ ತಗಡಿನಲ್ಲಿ ಉದ್ದಕ್ಕೆ ಸೀಳಿನ ಹಾಗೆ ಕೀಲಿಕೈ ತೂತು ಇದ್ದೀತು. ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಕೂತು ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತದೆ, ಕೊಕ್ಕು ಹೊರಗೆ ಹಾಕುವಷ್ಟು ಸೀಳು ಮಾತ್ರ ಬಿಡುತ್ತದೆ. ಗಂಡು ಹಣ್ಣು ತಂದು ಆ ಸೀಳಿನಿಂದಲೇ ಕೊಡುತ್ತದೆ. ತಗಡಿನ ಸುತ್ತ ಮರದ ತೊಗಟೆ ಬರೆಯಿರಿ. ತೂತಿನ ಅಂಚಿಗೆ ಹೆಣ್ಣಿನ ಕೊಕ್ಕಿನ ತುದಿ ಮಾತ್ರ ಕಾಣಲಿ. ಹೊರಗೆ ಗಂಡು, ಕೊಕ್ಕಿನಲ್ಲಿ ಒಂದು ಗೋಳಿಹಣ್ಣು. ನಮ್ಮ ತೋಟದ ಅಂಚಿಗೆ ಬಂದು ನಕ್ಕ ಹಾಗೆ ಕೂಗುತ್ತದಲ್ಲ, ಆ ಬೂದು ಮಂಗಟ್ಟೆಯನ್ನೇ ಬಿಡಿಸಿ. ಅದಕ್ಕೆ ಕೊಕ್ಕಿನ ಮೇಲೆ ದೊಡ್ಡ ಮಂಗಟ್ಟೆಯಂತೆ ಶಿರಸ್ತ್ರಾಣ ಇಲ್ಲ. ಗಂಡಿನ ಕೊಕ್ಕು ಕೆಂಪು ಛಾಯೆಯ ಕಿತ್ತಳೆ, ಹೆಣ್ಣಿನದು ಮಾಸಲು ಹಳದಿ. ತಗಡಿನ ತುಕ್ಕು ಉದುರದಷ್ಟು ತಂತಿ ಬ್ರಷ್ ಆಡಿಸಿ ವಾರ್ನಿಶ್ ಕೊಟ್ಟರೆ ಸಾಕು. ಅದಕ್ಕೆ ಬಣ್ಣ ಹಚ್ಚಿದರೆ ಬೀಗದ ತಗಡು ಯಾಕೆ ಅಲ್ಲಿದೆ ಅಂತಲೇ ನೋಡಿದವರಿಗೆ ಗೊತ್ತಾಗದು.

ಕಾಸರಗೋಡು ಪೇಟೆಯಿಂದ, ಚಿತ್ರಕಲೆ ಕಲಿಸುವವರು:

ಸೇರಿನ ಮೇಲೆ ಏನೂ ಬರೆಯಬೇಡಿ. ಕೈ ತಾಗಿ ತಾಗಿ ನಯವಾದ ಮರ, ಹಿತ್ತಾಳೆ ಪಟ್ಟಿ, ಅದಾಗಲೇ ಮುಗಿದ ಕೆಲಸ. ಹಿತ್ತಾಳೆ ಮೇಲೆ ಬಣ್ಣ ಹೇಗೂ ನಿಲ್ಲದು. ನಾಲ್ಕು ಜನ ಬೇರೆ ಹೇಳಬಹುದು, ನನ್ನ ಅಭಿಪ್ರಾಯ ಇದು.

ಲಾಟೀನಿಗೂ ಬಣ್ಣ ಬೇಡ. ಅಮೆರಿಕದ ಕಲಾವಿದ ಜೋಸೆಫ್ ಕಾರ್ನೆಲ್ ಹಳೇ ಸಾಮಾನಿನ ಅಂಗಡಿಗಳಲ್ಲಿ ಹುಡುಕಿ ತಂದ ವಸ್ತುಗಳನ್ನು ಗಾಜಿನ ಮುಖದ ಪೆಟ್ಟಿಗೆಗಳಲ್ಲಿ ಜೋಡಿಸುತ್ತಿದ್ದ. ಅವುಗಳಲ್ಲಿ ಕಾಗದದಲ್ಲಿ ಕತ್ತರಿಸಿದ ಗಿಳಿ, ಕಾಕಟೂಗಳೂ ಇರುತ್ತಿದ್ದವು. ಗಾಜಿನ ಹಿಂದೆ ಇದ್ದದ್ದರಿಂದ ಕಾಗದದ ಹಕ್ಕಿಗೂ ಒಂದು ಮನೆ ಸಿಕ್ಕಿತು. ನೀವೂ ಹಾಗೇ ಮಾಡಿ. ತುಕ್ಕು ತೆಗೆದು, ಗಾಜು ತೊಳೆದು, ಕಾಗದದ ಮೇಲೆ ನಿಮ್ಮ ಜಲವರ್ಣದಲ್ಲೇ ಹಕ್ಕಿ ಬಿಡಿಸಿ ಕತ್ತರಿಸಿ ಒಳಗೆ ನಿಲ್ಲಿಸಿ. ಲಾಟೀನಿಗೆ ರಾತ್ರಿಯ ಹಕ್ಕಿ ಒಪ್ಪುತ್ತದೆ. ಗೂಬೆ ಇಡುವುದಾದರೆ ಮನೆಯಲ್ಲಿ ದೊಡ್ಡವರನ್ನು ಒಂದು ಮಾತು ಕೇಳಿ!

ಮುಳ್ಳೇರಿಯದಿಂದ:

ನೇತುಹಾಕುವುದನ್ನು ಯಾರೂ ಹೇಳಲಿಲ್ಲ. ಪತ್ತಾಯದ ಬಾಗಿಲು ಭಾರ ಇರುತ್ತದೆ. ಮುರಕಲ್ಲಿನ ಗೋಡೆಗೆ ಸಾದಾ ಮೊಳೆ ಹೊಡೆದರೆ ಕಲ್ಲು ಹುಡಿಯಾಗಿ ಮೊಳೆ ಕೈಗೇ ಬರುತ್ತದೆ. ಉದ್ದದ ಪ್ಲಗ್ ಹಾಕಿ ಸ್ಕ್ರೂ ತಿರುಗಿಸಿ, ಎರಡು ಕಡೆ. ಹಿಂಬದಿಯ ಮೂಲೆಗಳಿಗೆ ಮರದ ಸಣ್ಣ ತುಂಡು ಅಂಟಿಸಿ, ಗೋಡೆಗೂ ಹಲಗೆಗೂ ನಡುವೆ ಬೆರಳು ಹೋಗುವಷ್ಟು ಗಾಳಿ ಆಡಲಿ. ಇಲ್ಲದಿದ್ದರೆ ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿ ಹಿಂದೆ ಬೂಸ್ಟು ಬರುತ್ತದೆ. ಪಡುಬದಿಯ ಗೋಡೆಗೆ ಬೇಡ, ಮಳೆಯ ಎರಚಲೆಲ್ಲ ಅದಕ್ಕೇ.